ಓಡಾಕಿ ಬೀಳ್ತಾಳ, ನಡಕೊಂತ ಬರಾಂವ ಮುಟ್ತಾನ: ಸ್ಲ್ಯಾಶರ್ ಸಿನಿಮಾ ಬಗ್ಗೆ ನಿಮ್ಮ ಪ್ರಶ್ನೆ

ಹೋದ ಸಂಚಿಕೆಯೊಳಗ ಹಾರರ್ ಸಿನಿಮಾ ಬಗ್ಗೆ ಏನರ ಕೇಳೂದಿದ್ರ ಕಳಸ್ರಿ ಅಂದಿದ್ದೆ. ಬಂದಿದ್ದರಾಗ ಅರ್ಧಕ್ಕಿಂತ ಜಾಸ್ತಿ ದೆವ್ವದ ಪ್ರಶ್ನೆ ಅಲ್ಲ, ಮಾಸ್ಕ್ ಹಾಕ್ಕೊಂಡು ಚೂರಿ ಹಿಡಕೊಂಡು ಒಬ್ಬೊಬ್ಬರನ್ನ ಮುಗಿಸ್ಕೋತ ಹೋಗೋ ಮನಶ್ಯಾನ ಬಗ್ಗೆನ ಇದ್ವು. ಹಂಗಾಗಿ ಈ ಸಲ ಅಂಕಣ ಪೂರ್ತಿ ಸ್ಲ್ಯಾಶರ್‌ಗೆ ಬಿಟ್ಟೀನಿ. ಒಂದು ಮಾತು ಮೊದಲ ಹೇಳ್ತೀನಿ, ಉತ್ತರದಾಗ ಕೆಲವು ಹಳೇ ಸಿನಿಮಾದ ಕೊನೀ ಸಹಿತ ಬರ್ತೈತಿ, ಇನ್ನೂ ನೋಡಿಲ್ಲ ಅನ್ನೋರು ನೋಡಿ ಬಂದು ಓದ್ರಿ.

ಪ್ರಶ್ನೆ: ಅಣ್ಣಾ, ನಾವು ಹಾಸ್ಟೆಲ್‌ನ್ಯಾಗ ಆರು ಮಂದಿ ಕೂಡಿ ಲ್ಯಾಪ್‌ಟಾಪ್‌ನ್ಯಾಗ ಇಂಥ ಪಿಚ್ಚರ್ ನೋಡ್ತೀವಿ. ಪ್ರತಿ ಸಲ ಹುಡುಗಿ ಜೀವ ಬಿಟ್ಟು ಓಡ್ತಾಳ, ಎಡವಿ ಬೀಳ್ತಾಳ. ಕೊಲೆಗಾರ ಮಾತ್ರ ಸಂಜೀಕ ವಾಕಿಂಗ್ ಹೊಂಟವರಗತೆ ನಡಕೊಂತ ಬಂದು ಹಿಡೀತಾನ. ನೋಡೋರು ದಡ್ಡರು ಅಂತ ಡೈರೆಕ್ಟರ್ ತಿಳ್ಕೊಂಡಾನೇನು? (ಡಿಗ್ರಿ ಹುಡುಗ, ವಿದ್ಯಾನಗರ, ಹುಬ್ಬಳ್ಳಿ)

ಇಲ್ಲ ತಮ್ಮಾ, ನೋಡೋರು ಶಾಣ್ಯಾ ಅದಾರ ಅಂತ ಗೊತ್ತಿದ್ದನ ಹಂಗ ಮಾಡ್ತಾರ.

ನಾ ಸಣ್ಣಾಂವ ಇದ್ದಾಗ ಹಾವೇರಿ ಕಡೆ ನಮ್ಮಜ್ಜಿ ಊರಾಗ ಜಾತ್ರಿಗೆ ದೊಡ್ಡಾಟ ಹಚ್ಚತಿದ್ರು. ರಾಕ್ಷಸ ವೇಷ ಬರೂ ಮೊದಲ ಇಬ್ಬರು ಒಂದು ತೆರೀ ಹಿಡಕೊಂಡು ನಿಂದರ್ತಿದ್ರು. ಆ ತೆರೀ ಕೆಳಗ ಗೆಜ್ಜಿ ಕಟ್ಟಿದ ಎರಡು ಕಾಲು ಅಷ್ಟ ಕಾಣ್ತಿದ್ವು, ಒಳಗಿಂದ ಆರ್ಭಟ ಕೇಳ್ತಿತ್ತು, ಮುಂದ ಕೂತ ನಾವು ಹುಡುಗೂರು ಹಿಂದಕ ಹಿಂದಕ ಸರೀತಿದ್ವಿ. ಬರಾಂವ ಯಾರು ಅಂತ ಗೊತ್ತು, ಬರ್ತಾನ ಅಂತನೂ ಗೊತ್ತು, ತೆರೀ ಯಾವಾಗ ಇಳಿಸ್ತಾರ ಅನ್ನೋದೊಂದು ಗೊತ್ತಿಲ್ಲ. ಅಂಜಿಕಿ ಎಲ್ಲಾ ಆ ಗೊತ್ತಿಲ್ಲದ ಜಾಗಾದಾಗ ಇರ್ತಿತ್ತು. ಆ ವೇಷದಾಂವ ಒಮ್ಮೆಲೇ ಹಾರಿ ಬಂದಿದ್ರ ಒಂದು ಸಲ ಬೆಚ್ಚಿ ಬೀಳ್ತಿದ್ವಿ, ಅಲ್ಲಿಗೆ ಮುಗೀತಿತ್ತು.

ಸ್ಲ್ಯಾಶರ್‌ನ್ಯಾಗ ನಡಿಗಿ ಅಂದ್ರ ಆ ತೆರೀನ. ಜಾನ್ ಕಾರ್ಪೆಂಟರ್ 1978ರಾಗ ತಗದ ಹ್ಯಾಲೋವಿನ್ ನೋಡು, ಅದರೊಳಗ ಮಾಸ್ಕಿನ ಮನಶ್ಯಾಗ ಕೊನೀಗೆ ಬರೋ ನಟರ ಪಟ್ಟಿಯೊಳಗ ಹೆಸರ ಕೊಟ್ಟಿಲ್ಲ, ‘ದ ಶೇಪ್’ ಅಂತ ಹಾಕ್ಯಾರ, ಬರೇ ಒಂದು ಆಕಾರ ಅಂತ. ಅಗಲ ಫ್ರೇಮ್ ಇಟ್ಟು ಹುಡುಗೀನ್ನ ಮುಂದ ನಿಂದ್ರಿಸಿ ಇವನ್ನ ಹಿಂದ ಒಂದು ಮೂಲ್ಯಾಗ, ಬೇಲಿ ಬಾಜೂಕ, ಬಾಗಲದ ಕತ್ತಲದಾಗ ಇಡ್ತಾರ. ನಮಗ ಕಾಣ್ತಾನ, ಅಕಿಗೆ ಕಾಣಂಗಿಲ್ಲ. ಓಡಿ ಬಂದ್ರ ಅದು ಓಟದ ಪಂದ್ಯ ಆಗ್ತೈತಿ, ಪಂದ್ಯದಾಗ ಯಾರರ ಗೆಲ್ಲಬಹುದು. ನಡಕೊಂತ ಬಂದ್ರ ಅವಂಗ ಅವಸರ ಇಲ್ಲ, ಟೈಮು ಅವನ ಕಡೆ ಐತಿ ಅಂತ ನೋಡೋರ ಮನಸಿಗೆ ತಾನ ಹೊಕ್ಕೊಂಡ ಬಿಡ್ತೈತಿ.

ಎಡವಿ ಬೀಳೂದರ ಬಗ್ಗೆ ಮಾತ್ರ ನೀ ಹೇಳಿದ್ದು ಖರೇನ. ನೂರು ಸಿನಿಮಾದಾಗ ಸವದು ಹೋದ ಯುಕ್ತಿ ಅದು, ನನಗೂ ಸೇರೂದಿಲ್ಲ. ಹ್ಯಾಲೋವಿನ್‌ನ್ಯಾಗೂ ಹುಡುಗಿ ಬೀಳ್ತಾಳ, ಮೆಟ್ಟಲದಿಂದ ಬಿದ್ದು ಕಾಲಿಗೆ ಪೆಟ್ಟಾಗತೈತಿ. ಆದ್ರ ನನಗ ಆ ಸಿನಿಮಾದಾಗ ಮೈ ಜುಂ ಅಂದಿದ್ದು ಬಿದ್ದಾಗ ಅಲ್ಲ. ಕುಂಟಕೊಂತ ಬಾಜೂ ಮನಿಗೆ ಹೋಗಿ ಬಾಗಲಾ ಬಡೀತಾಳ, ಕಾಪಾಡ್ರಿ ಅಂತ ಒದರತಾಳ, ಒಳಗಿನವರು ಕಿಡಕ್ಯಾಗಿಂದ ಹಣಿಕಿ ನೋಡ್ತಾರ, ನೋಡಿ ಹೊರಗಿನ ಲೈಟ್ ಆರಿಸಿ ಬಿಡ್ತಾರ. ಒಂದು ಸ್ವಿಚ್ ಅಷ್ಟ. ಆಕಿ ಎಷ್ಟು ಓಡಿದ್ರೂ ಪ್ರಯೋಜನ ಇಲ್ಲ ಅಂತ ಹೇಳಾಕ ಅದಕಿಂತ ಗಟ್ಟಿ ಶಾಟ್ ಇನ್ನೊಂದು ನಾ ನೋಡಿಲ್ಲ, ಮುಂದಿನ ಸಲ ಆರೂ ಮಂದಿ ಕೂತಾಗ ಆ ಜಾಗಾಕ್ಕ ಬಂದಾಗ ಸ್ವಲ್ಪ ಸುಮ್ಮನ ಕೂತು ನೋಡ್ರಿ.

ಪ್ರಶ್ನೆ: ಈ ಜಾತಿ ಸಿನಿಮಾ ಶುರು ಆಗಿದ್ದು ಎಲ್ಲಿಂದ? ಎಲ್ಲಾದರಾಗೂ ಅದ ಕಾಡು, ಅದ ಒಂಟಿ ಮನಿ, ಅದ ಮಾಸ್ಕು, ಅದ ಹುಡುಗೂರ ಗ್ಯಾಂಗ್ ಯಾಕ? ಒಬ್ಬರದ ನೋಡಿ ಒಬ್ಬರು ಕಾಪಿ ಹೊಡದಾರೇನು? (ಬೆಟಗೇರಿ, ಗದಗ)

ಕಾಪಿ ಹೊಡದಿದ್ದು ಹೌದ್ರಿ, ಆದ್ರ ಮೊದಲು ಮಾಡಿದವರಿಗೆ ಅವು ರೂಲ್ಸ್ ಆಗಿದ್ದಿಲ್ಲ, ಕೈಯಾಗ ರೊಕ್ಕ ಇಲ್ಲದ್ದಕ್ಕ ಹುಡಿಕ್ಯಾಡಿದ ದಾರಿ ಆಗಿದ್ವು. ಇದು ತಿಳದ್ರ ಈ ಸಿನಿಮಾ ಅರ್ಧ ತಿಳದಂಗ.

ಬೇರು ಹುಡುಕಿದ್ರ 1960ಕ್ಕ ಹೋಗಬೇಕಾಗ್ತೈತಿ. ಹಿಚ್‌ಕಾಕ್ ಆ ವರ್ಷ ಸೈಕೋ ತಗದ್ರು, ಜಾನೆಟ್ ಲೀ ಅನ್ನೋ ದೊಡ್ಡ ಸ್ಟಾರ್‌ನ್ನ ನಾಯಕಿ ಅಂತ ತೋರಿಸಿ ಸಿನಿಮಾ ಅರ್ಧ ಆಗೂ ಮೊದಲ ಬಚ್ಚಲ ಮನ್ಯಾಗ ಕೊಂದ ಬಿಟ್ರು. ಕಪ್ಪು ಬಿಳಪು ಸಿನಿಮಾ ಆಗಿದ್ದಕ್ಕ ರಕ್ತದ ಬದಲಿ ಚಾಕ್ಲೇಟ್ ಸಿರಪ್ ಹಾಕಿದ್ರು. ಆಮ್ಯಾಲೆ ಇಟಲಿಯವರು ಬಂದ್ರು. ಅಲ್ಲೆ ಹಳದಿ ರಟ್ಟಿನ ಅಗ್ಗದ ಪತ್ತೇದಾರಿ ಪುಸ್ತಕ ಭಾಳ ಓಡ್ತಿದ್ವು, ಹಳದಿಗೆ ಅವರ ಭಾಷಾದಾಗ ಜಾಲೋ ಅಂತಾರ, ಆ ಹೆಸರ ಸಿನಿಮಾಕ್ಕೂ ಅಂಟಕೊಂತು. ಕರೀ ಕೈಗವಸು ಹಾಕ್ಕೊಂಡ ಮುಖ ಕಾಣದ ಕೊಲೆಗಾರನ್ನ 1964ರಾಗ ಮಾರಿಯೋ ಬಾವಾ ತೋರಿಸ್ಯಾರ. 1974ರಾಗ ಎರಡು ಸಿನಿಮಾ ಬಂದ್ವು. ಕೆನಡಾದ ಬ್ಲ್ಯಾಕ್ ಕ್ರಿಸ್‌ಮಸ್‌ನ್ಯಾಗ ಹುಡುಗ್ಯಾರ ವಸತಿ ಮನಿಗೆ ಹೊಲಸು ಫೋನ್ ಬರ್ತಾವ, ಪೊಲೀಸರು ಹುಡುಕಿ ನೋಡಿದ್ರ ಫೋನ್ ಮಾಡಾಂವ ಆ ಮನ್ಯಾಗನ ಅದಾನ! ಇನ್ನೊಂದು ಟೋಬಿ ಹೂಪರ್ ಅವರ ಟೆಕ್ಸಸ್ ಚೈನ್ ಸಾ ಮ್ಯಾಸಕರ್. ಹೆಸರು ಕೇಳಿದ್ರ ರಕ್ತದ ಹೊಳಿ ಹರದಿರಬೇಕು ಅನಸ್ತೈತಿ, ನೋಡಿದ್ರ ರಕ್ತ ಭಾಳ ಕಮ್ಮಿ, ಎಲ್ಲಾ ಗರಗಸದ ಸಪ್ಪಳದಾಗ, ಬಿಸಲದಾಗ, ಹುಡುಗಿ ಕಣ್ಣಾಗ ಐತಿ.

ಹ್ಯಾಲೋವಿನ್ ಇದನ್ನೆಲ್ಲಾ ಕೂಡಿಸಿ ಒಂದು ಮಾದರಿ ಮಾಡಿ ಇಟ್ಟಿತು. ಖರ್ಚು ಸುಮಾರು 3 ಲಕ್ಷ ಡಾಲರ್ ಮ್ಯಾಲೊಂದಿಷ್ಟು, ಹಾಲಿವುಡ್ ಲೆಕ್ಕದಾಗ ಏನೂ ಅಲ್ಲ. ದೊಡ್ಡ ಸ್ಟಾರ್ ತರಾಕ ಆಗೂದಿಲ್ಲ, ಹಂಗಾರ ಹೊಸಾ ಹುಡುಗೂರನ್ನ ಹಾಕು. ಹೊಸಾ ಹುಡುಗೂರು ಅಂದ್ರ ಯಾರು ಉಳೀತಾರ ಯಾರು ಸಾಯ್ತಾರ ಅಂತ ನೋಡೋರಿಗೂ ಗೊತ್ತಾಗೂದಿಲ್ಲ, ಅದೂ ಲಾಭನ ಆತು. (ನಾಯಕಿ ಆಗಿ ಬಂದ ಜೇಮಿ ಲೀ ಕರ್ಟಿಸ್ ಯಾರು ಅಂದ್ರ ಸೈಕೋದಾಗ ಸತ್ತ ಆ ಜಾನೆಟ್ ಲೀ ಅವರ ಸ್ವಂತ ಮಗಳು, ಇದು ನನಗ ಯಾವಾಗ ನೆನದ್ರೂ ರೋಮಾಂಚನ ಆಗ್ತೈತಿ.) ಸೆಟ್ ಹಾಕಾಕ ರೊಕ್ಕ ಇಲ್ಲ, ಒಂದು ಓಣ್ಯಾಗ ಎರಡು ಮೂರು ಮನಿ ಹಿಡಿ. ಕತಿ ನಡಿಯೂದು ಎಲಿ ಉದರೋ ಕಾಲದಾಗ, ಶೂಟಿಂಗ್ ಮಾಡಿದ್ದು ಕ್ಯಾಲಿಫೋರ್ನಿಯಾದ ಹಸರ ಇದ್ದ ಕಾಲದಾಗ, ಅದಕ್ಕ ಎಲಿಗೆ ಬಣ್ಣಾ ಬಳದು ಉದರಿಸಿ ಶಾಟ್ ಮುಗದ ಮ್ಯಾಲೆ ಗುಡಿಸಿ ಚೀಲಕ್ಕ ತುಂಬಿ ಮತ್ತ ಮುಂದಿನ ಶಾಟ್‌ಗೆ ತರ್ತಿದ್ರು. ಮಾಸ್ಕಂತೂ ಅಂಗಡ್ಯಾಗ 2 ಡಾಲರ್ ಒಳಗ ಸಿಕ್ಕಿದ್ದು, ಸ್ಟಾರ್ ಟ್ರೆಕ್ ಸೀರಿಯಲ್ಲಿನ ಕ್ಯಾಪ್ಟನ್ ಕರ್ಕ್ ಮುಖದ್ದು, ಹುಬ್ಬು ಕಿತ್ತು ಕಣ್ಣಿನ ತೂತು ದೊಡ್ಡದು ಮಾಡಿ ಬಿಳೀ ಬಣ್ಣಾ ಹೊಡದ್ರು, ಜಗತ್ತಿನ ಎಲ್ಲಾರಿಗೂ ಗೊತ್ತಿರೋ ಕೊಲೆಗಾರನ ಮುಖ ತಯಾರಾತು.

ಅದು ಜಗತ್ತಿನಾಗ ಸುಮಾರು 7 ಕೋಟಿ ಡಾಲರ್ ತಂತು. ಆಮ್ಯಾಲೆ ಕೇಳ್ತೀರೇನು, ಎಲ್ಲಾರೂ ಅದ ದಾರಿ ಹಿಡದ್ರು. 1980ರಾಗ ಫ್ರೈಡೇ ದ ಥರ್ಟೀಂತ್ ಬಂತು, ಓಣಿ ಬಿಟ್ಟು ಕೆರಿ ದಂಡಿ ಮ್ಯಾಲಿನ ಕ್ಯಾಂಪಿಗೆ ಹೋತು, ಅಲ್ಲಿಂದ ಮುಂದ ಕಾಡು ಅನ್ನೋದು ಖಾಯಂ ಆತು. ಕಾಡಿಗೆ ಬಾಡಿಗಿ ಕಡಿಮಿ, ರಾತ್ರಿ ಒಂದು ಲೈಟ್ ಹಚ್ಚಿದ್ರ ಉಳಿದಿದ್ದೆಲ್ಲಾ ಕತ್ತಲಾನ ನೋಡ್ಕೋತೈತಿ.

ಪ್ರಶ್ನೆ: ಫ್ರೈಡೇ ದ ಥರ್ಟೀಂತ್‌ನ್ಯಾಗ ಹಾಕಿ ಮಾಸ್ಕ್ ಹಾಕ್ಕೊಂಡಾಂವ ಮೊದಲ್ನೇ ಪಾರ್ಟ್‌ನಿಂದನೂ ಅದಾನೋ ಇಲ್ಲೋ ಅಂತ ಗೆಳ್ಯಾರ ನಡುವ ಪಣಾ ಬಿದ್ದೈತಿ, ಹೇಳ್ರಿ. (ರಾಣೇಬೆನ್ನೂರು)

ಇಲ್ಲ. ಆ ಮಾಸ್ಕಿನಾಂವನ ಹೆಸರು ಜೇಸನ್, ಮೊದಲ್ನೇದರಾಗ ಕೊಲೆ ಮಾಡಾಕಿ ಅವನ ತಾಯಿ, ಮಗಾ ಕೆರ್‍ಯಾಗ ಮುಳಗಿದ ಸಿಟ್ಟಿಗೆ. 1981ರ ಎರಡನೇದರಾಗ ಜೇಸನ್ ಬರ್ತಾನ, ತಲಿಗೆ ಚೀಲ ಹಾಕ್ಕೊಂಡು. ಹಾಕಿ ಮಾಸ್ಕ್ 1982ರ ಮೂರನೇದರಾಗ. ಇಲ್ಲ ಅಂದವರಿಗೆ ಪಣದ ರೊಕ್ಕ ಕೊಡಸ್ರಿ.

ಪ್ರಶ್ನೆ: ನಾನು ಮತ್ತ ನನ್ನ ರೂಮ್‌ಮೇಟ್ ಇಬ್ಬರೂ ಹಾರರ್ ಹುಚ್ಚಿನವರು. ಆದ್ರ ಒಂದು ವಿಷಯ ಮನಸಿಗೆ ಚುಚ್ಚತದ. ಪ್ರೀತಿ ಮಾಡಿದಾಕಿ, ಕುಡದಾಕಿ, ತುಂಡು ಬಟ್ಟಿ ಹಾಕ್ಕೊಂಡಾಕಿ ಮೊದಲು ಸಾಯ್ತಾಳ, ತಲಿ ತಗ್ಗಿಸಿ ಪುಸ್ತಕ ಓದಾಕಿ ಉಳೀತಾಳ. ಇದು ಹುಡುಗ್ಯಾರಿಗೆ ಬುದ್ಧಿ ಹೇಳೋ ಸಿನಿಮಾ ಅದನೇನು? ನಾವು ಇದನ್ನ ಇಷ್ಟಪಡೂದು ತಪ್ಪೇನು? (ಎಂಎ ವಿದ್ಯಾರ್ಥಿನಿ, ಸಪ್ತಾಪುರ, ಧಾರವಾಡ)

ತಂಗಿ, ಬಂದ ಪ್ರಶ್ನೆದಾಗ ನನ್ನನ್ನ ಎರಡು ದಿನ ಕಾಡಿದ್ದು ಇದು.

ಕೊನೀಗೆ ಉಳಿಯೋ ಹುಡುಗಿಗೆ ‘ಫೈನಲ್ ಗರ್ಲ್’ ಅಂತ ಹೆಸರು ಕೊಟ್ಟಾಕಿ ಕ್ಯಾರಲ್ ಕ್ಲೋವರ್, ಅಮೆರಿಕಾದ ಪ್ರೊಫೆಸರ್. 1987ರಾಗ ಒಂದು ಲೇಖನ, 1992ರಾಗ ಪೂರಾ ಪುಸ್ತಕನ ಬರದ್ರು. ಅವರ ಮಾತಿನ ತಿರುಳು ಏನಪಾ ಅಂದ್ರ, ಶುರುವಿಗೆ ಕ್ಯಾಮರಾ ಕೊಲೆಗಾರನ ಕಣ್ಣು ಆಗಿರ್ತೈತಿ, ಥಿಯೇಟರ್‌ನ್ಯಾಗ ಕೂತ ಹರೇದ ಹುಡುಗೂರು ಅವನ ಕಣ್ಣಿಲೇ ನೋಡ್ತಿರ್ತಾರ, ಸಿನಿಮಾ ಹೋಗ್ತಾ ಹೋಗ್ತಾ ಆ ಕಣ್ಣು ಹುಡುಗಿ ಕಡೆ ಜರಗತೈತಿ. ಕೊನೀಗೆ ಆಕಿ ಚೂರಿ ಹಿಡದು ತಿರುಗಿ ನಿಂತಾಗ ಅದ ಗಂಡ ಹುಡುಗೂರು ಆಕಿ ಪರವಾಗಿ ಒದರ್ತಾರ. ಗಂಡಸು ಪ್ರೇಕ್ಷಕ ಎರಡು ತಾಸು ಒಬ್ಬ ಹುಡುಗಿ ಜೀವದಾಗ ಜೀವ ಇಟ್ಟು ಕೂಡೂದು ಬ್ಯಾರೆ ಎಷ್ಟು ಸಿನಿಮಾದಾಗ ಆಗ್ತೈತಿ ಹೇಳು.

ಆದ್ರ ನಿನ್ನ ಪ್ರಶ್ನೆ ಅಲ್ಲಿಗೆ ತೀರೂದಿಲ್ಲ. ಕಾರ್ಪೆಂಟರ್ ಅವರು ತಾವು ನೀತಿಪಾಠ ಹೇಳಾಕ ಸಿನಿಮಾ ಮಾಡಿಲ್ಲ ಅಂತ ಹೇಳ್ಯಾರ. ಅವರ ಪ್ರಕಾರ ಉಳದಾಕಿ ಉಳದದ್ದು ಸುತ್ತಮುತ್ತ ಕಣ್ಣಿಟ್ಟು ನೋಡಿದ್ದಕ್ಕ, ಉಳಿದವರು ತಮ್ಮ ತಮ್ಮ ಗದ್ದಲದಾಗ ಇದ್ರು ಅಷ್ಟ. ನಾ ಇದನ್ನ ನಂಬ್ತೀನಿ, ಆದ್ರ ಕಾಪಿ ಹೊಡದವರು ನೋಡೂದನ್ನ ಬಿಟ್ಟು ಬಟ್ಟೀನ್ನ ಹಿಡಕೊಂಡ್ರು. 80ರ ದಶಕದಾಗ ಒಂದರ ಮ್ಯಾಲೊಂದು ಬಂದ ಸಿನಿಮಾದಾಗ ಹುಡುಗಿ ಮೈ ತೋರಿಸು, ಮರುಗಳಿಗಿಗೆ ಕೊಲ್ಲು, ಇದ ಲೆಕ್ಕ ಆತು. 1980ರಾಗ ಸಿಸ್ಕೆಲ್ ಮತ್ತ ಈಬರ್ಟ್ ಅನ್ನೋ ಇಬ್ಬರು ವಿಮರ್ಶಕರು ಟಿವಿ ಮ್ಯಾಲೆ ಕೂತು ಇದನ್ನ ಖಂಡಿಸಿದ್ರು, ಅವರ ಸಿಟ್ಟು ನ್ಯಾಯದ್ದ ಅಂತ ನನಗ ಅನಸ್ತೈತಿ.

ಈಗ ನಾ ಹೇಳಬೇಕಂದಿದ್ದು ಇದು: ಆ ರೂಲು ಬುಡದಾಗ ಇದ್ದಿದ್ದಿಲ್ಲ. ಬ್ಲ್ಯಾಕ್ ಕ್ರಿಸ್‌ಮಸ್ ಹ್ಯಾಲೋವಿನ್‌ಗಿಂತ ನಾಕು ವರ್ಷ ಮೊದಲಿನದು, ಅದರ ನಾಯಕಿ ಜೆಸ್ ಮದಿವ್ಯಾಗದ ಬಸರಾಗ್ಯಾಳ, ಮಗು ಬ್ಯಾಡ ಅಂತ ನಿರ್ಧಾರ ಮಾಡ್ಯಾಳ, ಪ್ರೀತಿ ಮಾಡಿದಾಂವ ಒತ್ತಾಯ ಮಾಡಿದ್ರೂ ಸಿಟ್ಟಿಗೆದ್ರೂ ತನ್ನ ಮಾತು ಬಿಡೂದಿಲ್ಲ. ಕೊನೀತನಕ ಉಳಿಯಾಕಿ ಆಕೀನ. ಟೆಕ್ಸಸ್ ಸಿನಿಮಾದಾಗ ತಪ್ಪಿಸಿಕೊಂಡ ಹುಡುಗೀನೂ ದೊಡ್ಡ ಗುಣವಂತಿ ಅಂತ ಉಳದಾಕಿ ಅಲ್ಲ, ಕಿಡಕಿ ಗಾಜು ಒಡಕೊಂಡು ಹಾರಿ ಓಡಿದ್ದಕ್ಕ ಉಳದ್ಲು. ಮುಂದ 1996ರಾಗ ವೆಸ್ ಕ್ರೇವನ್ ಸ್ಕ್ರೀಮ್ ಮಾಡಿದಾಗ ಸಿನಿಮಾದಾಗಿನ ಹುಡುಗನ ಬಾಯಾಗ ಈ ರೂಲ್ಸ್ ಹೇಳಿಸ್ಯಾರ, ಯಾರ ಜೋಡಿನೂ ಮಲಗಬ್ಯಾಡ, ಕುಡೀಬ್ಯಾಡ, ‘ಈಗ ಬರ್ತೀನಿ’ ಅಂತ ಹೇಳಿ ಹೋಗಬ್ಯಾಡ ಅಂತ. ಅದ ಹೊತ್ತಿಗೆ ಮ್ಯಾಲಿನ ರೂಮಿನ್ಯಾಗ ನಾಯಕಿ ಮೊದಲ್ನೇ ರೂಲು ಮುರೀತಿರ್ತಾಳ, ಮುರದೂ ಉಳೀತಾಳ. ಮೂಲದಾಗ ಇಲ್ಲದ್ದನ್ನ ನಡುವ ತಂದು ತುರಕಿದ್ರು, ಕಡೀಕ ಅದ ಜಾತಿ ಸಿನಿಮಾ ಮಾಡೋರ ಅದನ್ನ ಕಿತ್ತು ಒಗದ್ರು.

ಸಂಜಿ ಮುಂದ ಹುಡುಗಿ ಒಬ್ಬಾಕಿ ಹೊಂಟ್ರ ಏನರ ಆದ್ರ ತಪ್ಪು ಆಕೀದ ಅನ್ನೋ ಮಂದಿ ನಮ್ಮೂರಾಗೂ ಅದಾರ. ಹಂಗ ಅನ್ನೋ ಸಿನಿಮಾ ಬಂದ್ರ ಬೈರಿ, ಬರೀರಿ, ಅರ್ಧಕ್ಕ ಎದ್ದು ಬರ್ರಿ. ಆದ್ರ ಹ್ಯಾಲೋವಿನ್‌ನ್ಯಾಗಿನಂಗ ಕತ್ತಲದಾಗ ಒಬ್ಬಾಕಿ ಕೋಟಿನ ಹ್ಯಾಂಗರ್ ಬಿಚ್ಚಿ ಕೊಲೆಗಾರನ ಕಣ್ಣಿಗೆ ಚುಚ್ಚೂದನ್ನ ನೋಡಿ ನೀವಿಬ್ಬರೂ ಚಪ್ಪಾಳಿ ಹೊಡೀತಿದ್ರ ಅದರಾಗ ತಪ್ಪು ಏನೂ ಇಲ್ಲ.

ಪ್ರಶ್ನೆ: ನಂದು ಮೊಬೈಲ್ ಅಂಗಡಿ ಐತ್ರಿ. ಈಗ ಎಲ್ಲಾರ ಕಿಸೇದಾಗೂ ಫೋನ್ ಐತಿ, 112 ಹೊಡದ್ರ ಮುಗೀತಲ್ಲ, ಇನ್ನ ಇಂಥ ಕತಿ ನಡೀತಾವೇನ್ರಿ? (ಹಾವೇರಿ)

ನಡೀತಾವ ಅಣ್ಣಾರ. ಫೋನ್ ತಗದು ನೋಡ್ತಾರ, ಸಿಗ್ನಲ್ ಇಲ್ಲ ಅಂತ ತೋರಿಸ್ತಾರ, ಅದು ಮೈಗಳ್ಳರ ದಾರಿ. ಶಾಣ್ಯಾ ಇದ್ದವರು ಫೋನನ್ನ ಅಂಜಿಕಿ ಮಾಡಿ ಕೊಡ್ತಾರ, 1974ರ ಬ್ಲ್ಯಾಕ್ ಕ್ರಿಸ್‌ಮಸ್‌ನ್ಯಾಗನ ಮಾಡ್ಯಾರ, ಸ್ಕ್ರೀಮ್‌ನ ಮೊದಲ್ನೇ ಹತ್ತು ನಿಮಿಷದಾಗ ಡ್ರೂ ಬ್ಯಾರಿಮೋರ್ ಕೈಯಾಗ ಫೋನ್ ಐತಿ, ಆ ಕಡೆ ಮಾತಾಡಾಂವನ ಕೊಲೆಗಾರ. ಪೋಸ್ಟರ್‌ನ್ಯಾಗ ದೊಡ್ಡದಾಗಿ ಹಾಕಿದ ನಟೀನ್ನ ಅಲ್ಲೇ ಮುಗಿಸ್ತಾರ, ಸೈಕೋದ ಪೆಟ್ಟು 36 ವರ್ಷದ ಮ್ಯಾಲೆ ಮತ್ತ. ಇಲ್ಲಾ ಹಿಂಗೊಂದು ಕತಿ ಅಂತ ತಿಳ್ಕೋರಿ, ಫೋನ್ ಹತ್ತತೈತಿ, ಪೊಲೀಸರೂ ಹೊಂಟಾರ, ಆದ್ರ ಬರಾಕ ಇಪ್ಪತ್ತು ನಿಮಿಷ ಬೇಕು, ಈ ಇಪ್ಪತ್ತು ನಿಮಿಷದಾಗ ಏನಾಗ್ತೈತಿ ಅನ್ನೋದು ಸಿಗ್ನಲ್ ಇಲ್ಲ ಅನ್ನೂದಕಿಂತ ಹತ್ತು ಪಟ್ಟು ಚಲೋ ಕತಿ.

ಪ್ರಶ್ನೆ: ನನ್ನ ಮಗಗ 14 ವರ್ಷ. ರಾತ್ರಿ ಫೋನಿನ್ಯಾಗ ಇಂಥಾವ ನೋಡ್ತಾನ. ಬೈದ್ರ ಕದ್ದು ನೋಡ್ತಾನ. ಮನಸ್ಸು ಕೆಡತೈತೇನೋ ಅಂತ ನನಗ ನಿದ್ದಿ ಇಲ್ಲ. (ತಾಯಿ, ಹಳೇ ಹುಬ್ಬಳ್ಳಿ)

ಅಕ್ಕಾರ, ನಿಮ್ಮ ಕಾಳಜಿ ಸಣ್ಣದಲ್ಲ. ನಮ್ಮಲ್ಲೆ ಇಂಥ ಸಿನಿಮಾಕ್ಕ ಸಾಮಾನ್ಯ ಎ ಸರ್ಟಿಫಿಕೇಟ್ ಇರ್ತೈತಿ, 18 ತುಂಬಿದವರಿಗೆ ಅಂತ, ಅದನ್ನ ಮಗನ ಮುಂದ ಸಿಟ್ಟಿಲ್ಲದ ಹೇಳ್ರಿ. ಓಟಿಟಿ ಆ್ಯಪ್‌ನ್ಯಾಗ ವಯಸ್ಸಿನ ಲಾಕ್ ಹಾಕಿ ಪಿನ್ ಇಡಾಕ ಬರ್ತೈತಿ, ಯಾರರ ತಿಳದವರ ಕಡಿಂದ ಹಾಕಿಸ್ರಿ. ಅಂವ ರಾತ್ರಿ ಬೆಚ್ಚಿ ಏಳಾಕತ್ತಾನ, ಒಬ್ಬನ ಮಲಗಾಕ ಅಂಜಾಕತ್ತಾನ ಅಂದ್ರ ಮುಲಾಜಿಲ್ಲದ ಬಂದ್ ಮಾಡ್ರಿ, ಮತ್ತ ಜೋಡಿ ಕೂತು ಮಾತಾಡ್ರಿ.

ಅವಂಗ ಹುಚ್ಚು ಇರೂದು ರಕ್ತದ್ದೋ, ಹ್ಯಾಂಗ ಮಾಡ್ತಾರ ಅನ್ನೋದರದ್ದೋ ಅದನ್ನೂ ಕೇಳಿ ನೋಡ್ರಿ. ಭಾಳ ಹುಡುಗೂರಿಗೆ ಎರಡನೇದು. ಫ್ರೈಡೇ ದ ಥರ್ಟೀಂತ್‌ನ್ಯಾಗ ಮಂಚದ ಮ್ಯಾಲೆ ಮಲಗಿದಾಂವನ ಕುತ್ತಿಗ್ಯಾಗ ಕೆಳಗಿಂದ ಬಾಣ ಹೊರಗ ಬರ್ತೈತಿ. ಅದನ್ನ ಮಾಡಿದಾಂವ ಟಾಮ್ ಸವೀನಿ, ವಿಯೆಟ್ನಾಂ ಯುದ್ಧದಾಗ ಸೈನ್ಯದ ಫೋಟೋಗ್ರಾಫರ್ ಆಗಿದ್ದಾಂವ. ನಟ ಮಂಚದ ಕೆಳಗ ಕೂತು ತಲಿ ಅಷ್ಟ ಮ್ಯಾಲೆ ಹಾಕ್ಯಾನ, ಕಾಣೂ ಎದಿ ಕುತ್ತಿಗಿ ಎಲ್ಲಾ ರಬ್ಬರಿಂದು. ಶಾಟ್ ನಡದಾಗ ರಕ್ತದ ಪೈಪ್ ಕಳಚಿತು, ಕೆಳಗಿದ್ದ ಅಸಿಸ್ಟೆಂಟ್ ಗಡಬಡಿಸಿ ಪೈಪಿಗೆ ಬಾಯಿ ಹಚ್ಚಿ ಊದಿದ, ರಕ್ತ ಬುಳುಬುಳು ಬಂತು, ಅದ ಶಾಟ್ ಸಿನಿಮಾದಾಗ ಐತಿ. ಇಂಥದ್ದನ್ನ ಹೇಳಿದ್ರ ಹುಡುಗನ ತಲ್ಯಾಗ ಕೊಲೆ ಹೋಗಿ ಕಸಬು ಕೂಡ್ತೈತಿ.

ಪ್ರಶ್ನೆ: ಸರ್, ನಾವು ಕೆಲಗೇರಿ ಕಡೆ ನಾಕು ಮಂದಿ ಗೆಳ್ಯಾರು ಕೂಡಿ 12 ನಿಮಿಷದ ಸ್ಲ್ಯಾಶರ್ ಶಾರ್ಟ್ ಫಿಲ್ಮ್ ಮಾಡಾಕತ್ತೇವಿ. ಬಜೆಟ್ 15 ಸಾವಿರ. ಕಪ್ಪತಗುಡ್ಡದಾಗ ಶೂಟ್ ಮಾಡೋ ವಿಚಾರ ಐತಿ. ಏನರ ಸಲಹೆ? (ಧಾರವಾಡ)

ಭಾಳ ಖುಷಿ ಆತು ನೋಡ್ರಿ. ಮೊದಲು ಕಪ್ಪತಗುಡ್ಡದ್ದು. ಅದು 2019ರಿಂದ ವನ್ಯಜೀವಿ ಧಾಮ, ಅರಣ್ಯ ಇಲಾಖೆ ಪರವಾನಗಿ ಇಲ್ಲದ ಕ್ಯಾಮರಾ ಒಯ್ಯಬ್ಯಾಡ್ರಿ. ಮತ್ತ ಕಾಡ ಯಾಕ ಬೇಕು ನಿಮಗ? ಅದು ಅವರ ಊರಿನ ಅಂಜಿಕಿ. ನಮ್ಮ ಕಡೆ ಮಳಿಗಾಲದಾಗ ಗೋವಿನಜೋಳ ಆಳೆತ್ತರ ಬೆಳದು ನಿಂತಿರ್ತೈತಿ, ಒಳಗ ಹೊಕ್ರ ಎರಡು ಮಾರು ಆಚೆ ಇದ್ದಾಂವ ಕಾಣಂಗಿಲ್ಲ, ಗಾಳಿ ಇಲ್ಲದಾಗ ಒಂದ ಸಾಲು ಅಲ್ಲಾಡಿದ್ರ ಸಾಕು. ಇಲ್ಲಾ ಬಂದ್ ಬಿದ್ದ ಹತ್ತಿ ಜಿನ್ನಿಂಗ್ ಮಿಲ್ಲು ಯಾವುದರ ಹುಡಕ್ರಿ, ಮಾಲಕರನ್ನ ಕೇಳಿ, ಆ ತಗಡು, ಆ ಉದ್ದನ್ನ ಕತ್ತಲಿ ಶೆಡ್ಡು, ಸೆಟ್ ಹಾಕಿಸಿದ್ರೂ ಹಂಗ ಬರೂದಿಲ್ಲ.

ಖರೇ ಚೂರಿ ಬ್ಯಾಡ, ಶಾಟ್ ಎಷ್ಟ ಸಣ್ಣದಿದ್ರೂ ಬ್ಯಾಡ, ರಬ್ಬರಿಂದು ಇಲ್ಲಾ ಮೊಂಡ ಮಾಡಿದ್ದು. ರಾತ್ರಿ ಶೂಟ್ ಮಾಡೂದಿದ್ರ ಠಾಣಾಕ್ಕ ತಿಳಿಸಿ ಇಡ್ರಿ, ಬಾಜೂ ಹೊಲದವರಿಗೂ ಹೇಳ್ರಿ. ಮಾಸ್ಕ್ ಹಾಕಿದ ಹುಡುಗ ಕೈಯಾಗ ಏನೋ ಹಿಡದು ನಿಂತಿದ್ದನ್ನ ನೋಡಿ ನೀರು ಕಟ್ಟಾಕ ಬಂದ ರೈತ ಕುಡಗೋಲು ತಗೊಂಡ ಬಂದ್ರ ತಪ್ಪು ಅವಂದಲ್ಲ.

15 ಸಾವಿರದಾಗ ಹೆಚ್ಚಿನ ಪಾಲು ಸೌಂಡಿಗೆ ಹಾಕ್ರಿ. ಹ್ಯಾಲೋವಿನ್‌ನ ಸಂಗೀತ ಡೈರೆಕ್ಟರ್ ತಾನ ಪಿಯಾನೋದ ಮ್ಯಾಲೆ ಮಾಡಿದ್ದು, ಐದು ಮಾತ್ರಾದ ಲೆಕ್ಕ, ಸಣ್ಣಾಂವ ಇದ್ದಾಗ ಅವರಪ್ಪ ಬಾಂಗೋ ಮ್ಯಾಲೆ ಕಲಿಸಿದ್ದಂತ. ನಾಕರ ಲೆಕ್ಕದಾಗ ಕಾಲು ತಾನ ಕುಣೀತೈತಿ, ಐದರಾಗ ಪ್ರತಿ ಸುತ್ತಿಗೂ ಏನೋ ಒಂದು ಹೆಚ್ಚಾದಂಗ ಆಗಿ ಮನಸ್ಸು ಕೂಡೂದಿಲ್ಲ. ಧಾರವಾಡದಾಗ ಬೆಳದವರು ನೀವು, ಹತ್ತು ಮಾತ್ರಾದ ಝಪತಾಲ ಕಿವಿ ಮ್ಯಾಲೆ ಬಿದ್ದಿರತೈತಿ, ತಬಲಾ ಬಾರಸೋ ಗೆಳ್ಯಾ ಒಬ್ಬ ಸಿಗದ ಇರೂದಿಲ್ಲ. ಅವನ್ನ ಕೂಡಸ್ರಿ, ಬಾಯಾಂದು (ಎಡಗೈಲೇ ಬಾರಸೋದು) ಒಂದನ ರೆಕಾರ್ಡ್ ಮಾಡಿ ನಿಧಾನ ಮಾಡಿ ಕೇಳ್ರಿ, ರೆಡಿಮೇಡ್ ಸೌಂಡ್ ಎಫೆಕ್ಟ್ ಇಳಿಸಿಕೊಳ್ಳಾಕ ಹೋಗಬ್ಯಾಡ್ರಿ.

ಕೊನೀ ಬಗ್ಗೆ ಒಂದು. ಕೊಲೆಗಾರ ಸತ್ತು ಮತ್ತ ಎದ್ದು ಕೂಡೂದನ್ನ ಎಲ್ಲಾರೂ ಮಾಡ್ತಾರ, ನೀವು ಮಾಡಬ್ಯಾಡ್ರಿ. ಹ್ಯಾಲೋವಿನ್‌ನ್ಯಾಗ ಆರು ಗುಂಡು ಬಿದ್ದು ಅಂವ ಬಾಲ್ಕನಿಯಿಂದ ಕೆಳಗ ಬೀಳ್ತಾನ, ಗುಂಡು ಹೊಡದ ಅವನ ಡಾಕ್ಟರ್ ಹೋಗಿ ಇಣಕಿ ನೋಡಿದ್ರ ಹುಲ್ಲಿನ ಮ್ಯಾಲೆ ಯಾರೂ ಇಲ್ಲ. ಆಮ್ಯಾಲೆ ಅವನ್ನ ತೋರಿಸೂದ ಇಲ್ಲ. ಅಲ್ಲೀತನಕ ಕತಿ ನಡದ ಜಾಗಾ, ಮೆಟ್ಟಲ, ಸೋಫಾ ಇದ್ದ ರೂಮು, ಮನಿ ಹೊರಗಿನ ಕತ್ತಲಿ, ಎಲ್ಲಾ ಖಾಲಿ, ಒಂದಾದ ಮ್ಯಾಲೊಂದು ತೋರಿಸ್ತಾರ, ಹಿಂದ ಮಾಸ್ಕಿನ ಒಳಗಿನ ಉಸರಿನ ಸಪ್ಪಳ ಅಷ್ಟ. ಒಂದ ಹನಿ ರಕ್ತ ಬೇಕಾಗಿಲ್ಲ ಅದಕ್ಕ, ನಿಮ್ಮ ಗೋವಿನಜೋಳದ ಹೊಲ, ಜಿನ್ನಿನ ಬಾಗಲಾ, ಹಗ್ಗಾ ಹರಕೊಂಡ ಮಂಚ ಇಷ್ಟ ತಗದ್ರ ಆತು. ಫಿಲ್ಮ್ ಮುಗದ ಮ್ಯಾಲೆ ಪತ್ರಿಕಾ ವಿಳಾಸಕ್ಕ ಲಿಂಕ್ ಕಳಸ್ರಿ, ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ನೋಡಿ ಎಲ್ಲಿ ಅಂಜಿದೆ ಎಲ್ಲಿ ಅಂಜಲಿಲ್ಲ ಅಂತ ಇದ ಅಂಕಣದಾಗ ಬರೀತೀನಿ.